ಬಿಸಿ ಎಲ್ಲಿಗೆ ಹೋತು

ಏಪ್ರಿಲ್ ಎರಡನೆಯ ವಾರ. ಬೋಗ್ಮಾಳೊ ದಂಡೆಯಲ್ಲಿ
ಹನ್ನೊಂದಕ್ಕೇ ನೆರಳು ಕಾಲಡಿ ಸೇರಿಬಿಟ್ಟಿತ್ತು.
ಕಾಯ್ತಾನನ ಸೋಗೆ ಹೋಟೆಲಿನ ಗಲ್ಲಾದಲ್ಲಿ ನಾನು
ಹಳೆ ಬಾಕಿಗಳನ್ನು ಹೊಸ ಪುಟಕ್ಕೆ ಇಳಿಸುತ್ತಿದ್ದೆ.

ಮಡಗಾಂವಿನಿಂದ ಬಂದ ಏಜೆಂಟ, ಪಿಳಗಾಂವಕರ,
ಬೂಟಿನ ತುಂಬ ಮರಳು,
ಚೀಲದಿಂದ ಒಂದು ಕ್ಯಾನು ತೆಗೆದು ಮೇಜಿನ ಮೇಲಿಟ್ಟ,
ಹೆಣ್ಣಿನ ಕಡೆಯವರ ಮುಂದೆ ಹುಡುಗನ ಫೋಟೊ ಇಟ್ಟ ಹಾಗೆ.
"ಫ್ರಿಜ್ಜು ಬೇಡ, ಬರ್ಫ ಬೇಡ, ಕರೆಂಟಂತೂ ಬೇಡವೇ ಬೇಡ.
ತಳ ತಿರುಗಿಸಿ, ಮೂರು ನಿಮಿಷ.
ತನ್ನಷ್ಟಕ್ಕೆ ತಾನೇ ತಣ್ಣಗಾಗುತ್ತದೆ."

ತನ್ನಷ್ಟಕ್ಕೆ ತಾನೇ ಆಗುವುದು
ನನಗೆ ಗೊತ್ತಿದ್ದ ಮಟ್ಟಿಗೆ ತುಕ್ಕು, ಮತ್ತು ಬಡ್ಡಿ.

ತಿರುಗಿಸಿದ. ಒಳಗೆಲ್ಲೋ ಟಕ್ ಎಂದಿತು.
ಒಳಗಿನ ಪಸೆಯನ್ನು ಒಣ ಪುಡಿಯೊಂದು ಎಳೆದುಕೊಳ್ಳುತ್ತದಂತೆ,
ಆವಿಯಾಗಿ ಏಳುವ ನೀರು ಪಾನೀಯದ ಕಾವನ್ನೂ ಒಯ್ಯುತ್ತದಂತೆ,
ಉಂಡು ಎದ್ದವರು ತಾಂಬೂಲ ಮರೆಯದಂತೆ.
ನಮ್ಮಜ್ಜಿಯ ಮಣ್ಣಿನ ಹರವಿಯೂ ಇದನ್ನೇ ಮಾಡುತ್ತಿತ್ತು.
ಇಡೀ ರಾತ್ರಿ ಹಿಡಿಯುತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ.

ಮೂರು ನಿಮಿಷ ನಾಲ್ಕಾಯಿತು. ಅಷ್ಟೊತ್ತಿಗೆ ಹುಲಗೆವ್ವ ಬಂದಳು,
ಗೋಣಿತಟ್ಟಿನಲ್ಲಿ ಸುತ್ತಿದ ಬರ್ಫದ ಗಡ್ಡೆ ತಲೆಯ ಮೇಲೆ,
ಕುತ್ತಿಗೆಯಿಂದ ಬೆನ್ನಿಗೆ ತಣ್ಣೀರಿನ ಒಂದು ದಾರಿ,
ಅಂಗಾಲಿಗೆ ಕಾದ ಮರಳು.
ಮೇಲೆ ಮಾಘ, ಕೆಳಗೆ ವೈಶಾಖ,
ನಡುವೆ ಐದಡಿ ಹೆಂಗಸು.

ಪೆಟ್ಟಿಗೆಗೆ ಬರ್ಫ ಇಳಿಸಿ, ಕ್ಯಾನು ನೋಡಿ,
ನಾನು ತಿಳಿಸಿ ಹೇಳಿದ್ದನ್ನೆಲ್ಲ ಕೇಳಿ,
ಕೊನೆಗೆ ಅಂದದ್ದು ಒಂದೇ ಮಾತು:
"ಬಿಸಿ ಎಲ್ಲಿಗೆ ಹೋತು?"
ಕೊಂಕಣಿಗೆ ತಿರುಗಿಸಿದೆ.
"ಹೋಗುವುದೆಲ್ಲಿಗೆ? ಇಲ್ಲವಾಗುತ್ತದೆ" ಎಂದ ಏಜೆಂಟ.

ಆಕೆ ನಕ್ಕಳು.
ವಾಸ್ಕೋದ ಬರ್ಫ ಕಾರ್ಖಾನೆಯ ಹಿಂದೆ ಆಕೆಯ ತಗಡಿನ ಮನೆ.
ಹಿಂಗೋಡೆಯ ಫ್ಯಾನು ಹಗಲೂ ರಾತ್ರಿ
ಅತ್ತ ಕಡೆಗೇ ಉಸಿರು ಬಿಡುತ್ತದೆ.
ಊರ ಮೀನೆಲ್ಲ ತಣ್ಣಗಿರುವ ಬಾಬ್ತು
ಸೆಕೆ ಅವಳ ಖಾತೆಗೆ ಜಮಾ.
ಮಳೆಗಾಲದಲ್ಲಿ ಓಣಿಯವರು ಬಟ್ಟೆ ಒಣಗಿಸುವುದು ಅಲ್ಲೇ,
ಶಾವಿಗೆ, ಮೆಣಸಿನಕಾಯಿ, ಒಮ್ಮೆ ನೆನೆದ ರೇಷನ್ ಕಾರ್ಡು.
ಇಲ್ಲವಾಗುವ ಬಿಸಿಯನ್ನು ಅವಳಿನ್ನೂ ಕಂಡಿರಲಿಲ್ಲ.

ಕ್ಯಾನೆತ್ತಿ, ತಳಕ್ಕೆ ಬೆರಳಿಟ್ಟು,
"ಯವ್ವಾ!" ಎಂದು ಕೈ ಕೊಡವಿದಳು.
"ಇಲ್ಲೇ ಐತಲ್ಲೋ. ಬುಡದಾಗ ಕುಂತೈತಿ."

ಲೆಕ್ಕ ನನ್ನ ಕಸುಬು, ಹಾಕಿದೆ.
ಕುಡಿಯುವುದಕ್ಕೆ ಅರ್ಧಕ್ಕಿಂತ ತುಸು ಜಾಸ್ತಿ,
ಉಳಿದದ್ದು ಯಂತ್ರದ ಪಾಲು. ಬೆಲೆ ಎರಡೂವರೆ ಪಟ್ಟು.
ಒಂದು ಗಡ್ಡೆ ಬರ್ಫಕ್ಕೆ ಅರವತ್ತು ಬಾಟಲಿ ಸಂಜೆಯವರೆಗೆ ನಡುಗುತ್ತವೆ,
ಕರಗಿದ ನೀರಲ್ಲಿ ಮೇಲಾಗಿ ಕಾಲು ತೊಳೆಯಬಹುದು.
ಕಾಯ್ತಾನ ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಯೋಚಿಸಿ
"ತಂಪಿದೆ" ಎಂದ, "ಹಲ್ಲು ಜುಮ್ಮೆನ್ನುವುದಿಲ್ಲ." ಉಳಿದದ್ದನ್ನೂ ಕುಡಿದ.
"ಫ್ರಿಜ್ಜಿಲ್ಲದ ಜಾಗಕ್ಕೆ ಹೇಳಿ ಮಾಡಿಸಿದ್ದು" ಎಂದ ಏಜೆಂಟ.
ಫ್ರಿಜ್ಜಿಲ್ಲದ ಜಾಗದವರ ಹತ್ತಿರ ಇಷ್ಟು ದುಡ್ಡಿರುವುದಿಲ್ಲ
ಎಂದು ಹುಲಗೆವ್ವ ಅಂದದ್ದನ್ನು
ನಾನು ತರ್ಜುಮೆ ಮಾಡಲಿಲ್ಲ.

ಆಮೇಲೆ ನೋಡಿದರೆ ಆಕೆ ಮೆಟ್ಟಿಲ ಮೇಲೆ ಕೂತು,
ಸೀರೆ ತುಸು ಎತ್ತಿ, ಖಾಲಿ ಕ್ಯಾನಿನ ತಳವನ್ನು
ಎಡಮಂಡಿಗೆ ಒತ್ತಿಕೊಂಡಿದ್ದಳು. ಕಣ್ಣು ಮುಚ್ಚಿತ್ತು.
ಹದಿನಾಲ್ಕು ವರ್ಷ ಬರ್ಫ ಹೊತ್ತ ಮಂಡಿ ಅದು.
"ಹಿತ ಅನಸ್ತೈತಿ. ಇನ್ನೊಂದ ಐತೇನು ಕೇಳು,
ಈ ಕಡಿ ಕಾಲಿಗೆ."
ಚೀಲದಲ್ಲಿ ಇನ್ನೂ ಹನ್ನೊಂದಿದ್ದವು, ನಾನು ಎಣಿಸಿದ್ದೆ.
ಏಜೆಂಟ ಜಿಪ್ಪು ಎಳೆದ.

ಗುಜರಿಯ ಮಲ್ಲೇಸಿ ಕೂಡ ಒಲ್ಲೆನೆಂದ:
"ತಗಡಿನೊಳಗ ಪ್ಲಾಸ್ಟಿಕ್ಕು, ಅದರೊಳಗ ಪುಡಿ.
ಯಾವ ತಕ್ಕಡಿಗೆ ಹಾಕಲಿ?"

ಈಗ ಅದು ನನ್ನ ಬಿಲ್ಲುಗಳ ಮೇಲೆ ಕೂತಿದೆ,
ಕಡಲ ಗಾಳಿಗೆ ಹಾರದಂತೆ.
ಬುಡ ಆರಿದೆ.
ನಾಳೆ ಭಾನುವಾರ. ಬರ್ಫ ಎರಡು ಗಡ್ಡೆ ಹೇಳಬೇಕು.