ಒಂಬೈನೂರು ಡಾಲರಿನ ಕಣ್ಣು

ಓರೆಸ್ಟ್‌ನ ಅಂಗಡಿಯಲ್ಲಿ ಗಾಜಿನ ತೊಟ್ಟಿ,
ತೊಟ್ಟಿಯಲ್ಲೊಂದು ರಬ್ಬರಿನ ಮೀನು.
ಮೇಲೆ ಪುಸ್ತಕದಗಲದ ಪರದೆ: ಎಡಕ್ಕೆ
ಸೋನಾರಿನ ಚಕ್ರ, ಹಸಿರು ಹಳದಿ ಕೆಂಪು;
ಬಲಕ್ಕೆ ಕ್ಯಾಮೆರಾ ಕಂಡದ್ದು ಕಂಡ ಹಾಗೆ.
"ಒಂದೇ ಡಬ್ಬಿ, ಎರಡು ಕೆಲಸ," ಎಂದ
ಬೆಲೆಯ ಚೀಟಿಯ ಮೇಲೆ ಹೆಬ್ಬೆಟ್ಟು ಇಟ್ಟುಕೊಂಡೇ.

ಹಾಲ್ಡೋರಾ ಆ ಹೆಬ್ಬೆಟ್ಟನ್ನು ಎತ್ತಿ ನೋಡಿದಳು.
ಎಪ್ಪತ್ತೆರಡರ ಹೆಂಗಸು, ಶಾಲೆಯ ಬಸ್ಸು ಓಡಿಸಿ ನಿವೃತ್ತಳು,
ನನ್ನ ಜೊತೆ ಹದಿನಾಲ್ಕು ಚಳಿಗಾಲ
ಒಂದೇ ಡೇರೆ, ಒಂದೇ ಹೀಟರು, ಎರಡು ತೂತು.
ಹೆಣ್ಣು ನೋಡಲು ಬಂದ ಸೋದರತ್ತೆಯ ಹಾಗೆ ಕೇಳಿದಳು:
ಮೈನಸ್ ಮೂವತ್ತರಲ್ಲಿ ಬ್ಯಾಟರಿ ಎಷ್ಟು ಹೊತ್ತು ಉಸಿರಾಡುತ್ತೆ?
ಕೇಬಲ್ಲು ಬಗ್ಗುತ್ತೋ, ಸೆಟೆದು ಒಣಬಳ್ಳಿಯಾಗುತ್ತೋ?
ಕೈಗವಸು ತೆಗೆಯದೆ ಗುಂಡಿ ಒತ್ತಬಹುದೋ?
ಪಕ್ಕದ ಡೇರೆಯ ಸೋನಾರು ನಮ್ಮದರ ಮಾತಿಗೆ ಬಾಯಿ ಹಾಕಿದರೆ?
ಕೊನೆಗೆ: "ನಮ್ಮ ನೀರಿನಲ್ಲಿ ಏನು ಕಾಣುತ್ತೆ?"

ಓರೆಸ್ಟ್ ಮೀಸೆ ಸವರಿಕೊಂಡ.
ವಿನ್ನಿಪೆಗ್ ಸರೋವರದ ದಕ್ಷಿಣದ ಅಂಚು;
ರೆಡ್ ನದಿ ತಂದು ಸುರಿದ ಕೆಸರು
ಮಂಜುಗಡ್ಡೆಯಡಿಯಲ್ಲೂ ಪೂರ್ತಿ ತಂಗುವುದಿಲ್ಲ.
ಕಲಗಚ್ಚಿನಂಥ ನೀರು.
"ಒಂದೆರಡು ಅಡಿ," ಎಂದ, ಸುಳ್ಳು ಹೇಳಲಾರದೆ.
"ಸೋನಾರಿಗೆ ಕೆಸರಿನ ಹಂಗಿಲ್ಲ. ಕ್ಯಾಮೆರಾಕ್ಕೆ ಇದೆ.
ಒಯ್ಯಿರಿ. ಭಾನುವಾರ ನೋಡಿ, ಸೋಮವಾರ ಹೇಳಿ."

ಭಾನುವಾರ ಬೈರಿಗೆ ಮೂರಡಿ ಕೊರೆದು
ಗುಳುಕ್ಕೆಂದು ನೀರು ಮೇಲೆ ಬಂತು.
ಚಕ್ರದಲ್ಲಿ ತಳವೊಂದು ದಪ್ಪ ಕೆಂಪು ಪಟ್ಟಿ,
ನಮ್ಮ ಗಾಳವೊಂದು ಹಸಿರು ಗೀಟು;
ಕೈ ಅಲ್ಲಾಡಿದರೆ ಗೀಟು ಅಲ್ಲಾಡುತ್ತದೆ.
ಬಲಗಡೆ ಬರೀ ಬೂದಿ. ತೇಲುವ ಹೊಟ್ಟು.
"ಒಂಬೈನೂರು ಡಾಲರಿಗೆ ಮಂಜು ತೋರಿಸುತ್ತಾನೆ,
ಹೊರಗೆ ಬಿಟ್ಟಿ ಸಿಗುತ್ತೆ," ಎಂದಳು.

ಹನ್ನೊಂದರ ಸುಮಾರಿಗೆ ತಳದಿಂದ
ಒಂದು ಕಿತ್ತಳೆ ಗೆರೆ ಕಳಚಿಕೊಂಡು ಮೇಲೆದ್ದಿತು,
ಕೆಂಪಾಯಿತು, ದಪ್ಪವಾಯಿತು, ನಮ್ಮ ಗೀಟಿಗೆ ಮುಟ್ಟಿತು.
ಮಾತು ನಿಂತಿತು.
ಬೂದಿಯಲ್ಲಿ ಒಂದು ಕಣ್ಣು ಹೊತ್ತಿಕೊಂಡಿತು.
ವಾಲೈ ಮೀನಿನ ಕಣ್ಣು, ಬೆಳಗಿನ ಜಾವ ಬಸ್ಸಿನ ದೀಪಕ್ಕೆ
ಸಿಕ್ಕ ನರಿಯ ಕಣ್ಣಿನ ಹಾಗೆ, ಬೆಳ್ಳಗೆ, ಒಳಗೇನೂ ಇಲ್ಲದೆ.
ಹಿಂದೆ ಮೈ ಇರಬೇಕು. ಕಾಣಲಿಲ್ಲ.
ಗಾಳದ ಮುಂದೆ ನಿಂತಿತು, ಅಂಗಡಿಯಲ್ಲಿ ನಾವು ನಿಂತ ಹಾಗೆ.
ಬೆಲೆಯ ಚೀಟಿ ಹುಡುಕಿತೇನೋ.
ಹಿಂದಕ್ಕೆ ಸರಿದು, ತಿರುಗಿ, ಹೋಯಿತು.
ಮತ್ತೊಂದು ಬಂತು. ಹೋಯಿತು.
ಮೂರನೆಯದು ಮಿಣುಕು ತಗಡಿಗೆ ಮೂತಿ ತಾಗಿಸಿ ಹೋಯಿತು.

ಹಾಲ್ಡೋರಾ ತುಂಬ ಹೊತ್ತು ಸುಮ್ಮನಿದ್ದಳು.
"ಐವತ್ತು ಚಳಿಗಾಲ ಮನೆಗೆ ಹೋಗಿ ಹೇಳಿದ್ದೇನೆ,
ಇವತ್ತು ಮೀನಿರಲಿಲ್ಲ ಅಂತ.
ಸ್ಟೇನಿಯೂ ಸಾಯುವ ತನಕ ಅದನ್ನೇ ಹೇಳಿದ.
ನಂಬಿದ್ದೆವು ಕಣೋ.
ಇದ್ದವು. ಬಂದಿದ್ದವು.
ನೋಡಿ, ಬೇಡ ಅಂತ ಹೋಗಿದ್ದವು."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯಿದೆ;
ಪ್ರಮಾಣಿಸಿದ ಮೇಲೆ ಏನು ಮಾಡಬೇಕೆಂದು ಗಾದೆಯಿಲ್ಲ.

ಸೋಮವಾರ ನಾನು ಬರೀ ಸೋನಾರಿನ ಡಬ್ಬಿಗೆ ಕೈ ಹಾಕಿದ್ದೆ:
ಅರ್ಧ ಬೆಲೆ, ಹಗುರ, ನಮ್ಮ ಕೆಸರಿಗೆ ಅಷ್ಟು ಸಾಕು.
ಲೆಕ್ಕ ನನ್ನ ಕಡೆಗಿತ್ತು.
ಅವಳು ಎರಡೂ ಇರುವುದನ್ನೇ ಎತ್ತಿಕೊಂಡಳು,
ತನ್ನ ಪಾಲನ್ನು ನೋಟುಗಳಲ್ಲೇ ಎಣಿಸಿದಳು.

ಈಗ ಪರದೆಯ ಬಲಗಡೆಗೆ ಅವಳದೊಂದು ಉಣ್ಣೆಯ ಕೈಗವಸು
ಇಳಿಬಿದ್ದಿರುತ್ತದೆ. ಬಣ್ಣದ ಚಕ್ರ ಸಾಕಂತೆ.
ಕೆಂಪು ಬಂದು ಹೋದರೆ ಅದು ಕಡ್ಡಿಯೂ ಇರಬಹುದು, ಕೆಸರುಂಡೆಯೂ.
ಮೀನಿರಲಿಲ್ಲ ಅನ್ನಲು ಅಷ್ಟು ಜಾಗ ಬೇಕು.

ನಿನ್ನೆ ಇನ್ನೊಂದು ತೂತು ಕೊರೆಯಲು ಹೊರಗೆ ಹೋಗಿದ್ದವನು
ಡೇರೆಯ ಜಿಪ್ಪು ಎಳೆದು ಒಳಗೆ ಬಂದರೆ
ಕೈಗವಸು ನೆಲದ ಮೇಲಿತ್ತು.
ಗಾಳದ ಕೋಲು ಮಡಿಲಲ್ಲಿ,
ಹಣೆ ಪರದೆಗೆ ತಾಗುವಷ್ಟು ಹತ್ತಿರ,
ಕನ್ನಡಕದ ಎರಡೂ ಗಾಜಿನಲ್ಲಿ ಬೂದಿ.
"ಬಂತಾ?" ಎಂದೆ.
"ಶ್," ಎಂದಳು, "ಯೋಚನೆ ಮಾಡ್ತಾ ಇದೆ."