ಒಂದು ಫುಲ್ಲು, ಒಂದು ಹಾಫು

ಆಟೋ ಕಾಂಪ್ಲೆಕ್ಸಿನ ನನ್ನ ಶೆಡ್ಡಿಗೆ
ಇವತ್ತು ಬಂದದ್ದು ನಾಲ್ಕು ತಂತಿಯ ಗಾಡಿ.
ಕಂಕುಳಲ್ಲಿಟ್ಟು ತಂದವರು ಧರಣೇಂದ್ರಯ್ಯ,
ಹೊಸನಗರದ ರೂಟಿನಲ್ಲಿ ಇಪ್ಪತ್ತೆಂಟು ವರ್ಷ
ರೈಟ್ ರೈಟ್ ಅಂದವರು.

"ಶಫೀ, ಹೋದ ವರ್ಷ ಎಡಗೈ ಮುಷ್ಕರ ಹೂಡಿತಲ್ಲ,
ಡಾಕ್ಟರು ರಬ್ಬರ್ ಚೆಂಡು ಹಿಚುಕಿ ಅಂದರು.
ಚೆಂಡು ಮಾತಾಡಲ್ಲ ಮಾರಾಯ.
ಇದು ಆಡುತ್ತೆ. ಆದರೆ ಒತ್ತೋಕಾಗಲ್ಲ,
ತಂತಿ ಅಟ್ಟದ ಮೇಲಿದೆ."

ಯುಕುಲೇಲೆ ಅಂತೆ ಹೆಸರು.
ನನಗೆ ಗೊತ್ತಿರುವುದು ಟ್ಯಾಪೆಟ್ಟು, ಪ್ಲಗ್ಗಿನ ಗ್ಯಾಪು.
ಅದೇ ಫೀಲರ್ ಗೇಜನ್ನು
ಪೆಟ್ರೋಲಿನ ವಾಸನೆ ಹೋಗುವವರೆಗೆ ಒರೆಸಿ
ಹನ್ನೆರಡನೇ ಪಟ್ಟಿಯ ಮೇಲೆ, ತಂತಿಯಡಿ,
ಎಲೆ ಮೇಲೆ ಎಲೆ ತೂರಿಸುತ್ತ ಹೋದೆ:
ಮೂರೂಕಾಲು ಮಿಲಿಮೀಟರು.
ಪೆಟ್ಟಿಗೆಯೊಳಗಿನ ಚೀಟಿ ಎರಡೂಮುಕ್ಕಾಲು ಸಾಕೆನ್ನುತ್ತೆ.
ಇಲ್ಲಿ ಅರ್ಧ ಇಳಿಯಬೇಕಾದರೆ
ಅಲ್ಲಿ, ಬುಡದಲ್ಲಿ, ಒಂದು ತೇಯಬೇಕು.

ತಂತಿ ಸಡಿಲಿಸಿ
ಹಾಲುಹಲ್ಲು ಕೀಳುವಂತೆ ಬಿಳಿಯ ಪಟ್ಟಿ ಕಿತ್ತೆ.
ಎರಡು ಬೆಂಕಿಕಡ್ಡಿಯಷ್ಟು, ಅಷ್ಟೇ.
ತಲೆ ಮುಟ್ಟುವಂತಿಲ್ಲ, ತೇಯಬೇಕಾದ್ದು ಪಾದ.
ಪೆನ್ಸಿಲಿನ ಗೆರೆ ಎಳೆದು
ಒಡೆದ ಕನ್ನಡಿಯ ಮೇಲೆ ಉಪ್ಪುಕಾಗದ ಹಾಸಿ
ತೇಯ್ದೆ. ಊದಿದೆ. ಅಳೆದೆ. ತೇಯ್ದೆ.

ಹೊರಗೆ ಯಾರೋ ಕ್ಲಚ್ ವೈರಿಗೆ ಹಾರ್ನು ಬಾರಿಸಿದ.
"ಬಂದೆ" ಅಂದೆ.
ಆ ಒಂದು ಬಂದೆಯಲ್ಲಿ
ಗೆರೆ ಅಳಿಸಿಹೋಯಿತು.

ಕೂಡಿಸಿ ಬಿಗಿದು ಮೀಟಿದರೆ
ಕೆಳಗಿನ ತಂತಿ ಜೊಂಯ್ ಅಂತು,
ಸೈಲೆನ್ಸರಿನ ಸ್ಕ್ರೂ ಸಡಿಲಾದ ದನಿ.
ತೆಗೆದದ್ದನ್ನು ಮತ್ತೆ ತುಂಬಲು ಇದೇನು ಆಯಿಲ್ಲೇ?
ನಾನು ತಲೆ ಎತ್ತಲಿಲ್ಲ.

ಅವರು ಬೈಯಲಿಲ್ಲ. ಬಲಗೈ ಜೇಬಿಗಿಳಿಸಿ
ಹಳೇ ಟಿಕೆಟ್ ಕಟ್ಟಿನ ಮೋಟೊಂದು ತೆಗೆದರು,
ಮಿಷನ್ನು ಬರುವ ಮುಂಚಿನ ತೆಳು ಗುಲಾಬಿ ಕಾಗದ.
ಹೆಬ್ಬೆರಳಲ್ಲಿ ತಿಕ್ಕಿ ನೋಡಿ
"ಒಂದು ಫುಲ್ಲು, ಒಂದು ಹಾಫು" ಅಂದರು,
ಎದುರಿಗೆ ರಿಪ್ಪನ್‌ಪೇಟೆಯ ತಾಯಿ ಮಗು ನಿಂತ ಹಾಗೆ.

ಪಟ್ಟಿಯಡಿ ಉದ್ದಕ್ಕೂ ಒಂದು,
ಜೊಂಯ್‌ಗುಡುವ ಬದಿಗೆ ಅರ್ಧ.
ಮತ್ತೆ ಬಿಗಿದೆ.
ಸದ್ದು ಯಾವುದೋ ಸ್ಟಾಪಿನಲ್ಲಿ ಇಳಿದುಹೋಗಿತ್ತು.

ಅವರು ಕಾಲು ಮುರಿದ ಸ್ಟೂಲಿನ ಮೇಲೆ ಕೂತು
ಉಂಗುರದ ಬೆರಳನ್ನು
ಬಲಗೈಯಿಂದ ಎತ್ತಿ ತಂತಿಯ ಮೇಲಿಟ್ಟರು.
ತುಂಬ ಹೊತ್ತು ಏನೂ ಆಗಲಿಲ್ಲ.
ಆಮೇಲೆ ಬೆರಳು ತಾನೇ ಒತ್ತಿತು.
ಒಂದು ಸ್ವರ. ಪೂರ್ತಿ ಶುದ್ಧವಲ್ಲ.
ಕ್ಲಚ್ ವೈರಿನವನು ಹಾರ್ನು ನಿಲ್ಲಿಸಿದ.

ಐವತ್ತು ಅಂದೆ. ನೂರರ ನೋಟು ಕೊಟ್ಟರು.
ನನ್ನಲ್ಲಿ ಚಿಲ್ಲರೆಯಿಲ್ಲ.
"ಚಿಂತೆಯಿಲ್ಲ" ಎಂದು ಇನ್ನೊಂದು ಟಿಕೆಟ್ ಹರಿದು
ಬೆನ್ನ ಮೇಲೆ ಬಾಕಿ ಬರೆದು ನನಗೇ ಕೊಟ್ಟರು:
"ಇಳಿಯುವಾಗ ಇಸ್ಕೊಳ್ತೀನಿ."