ಖಾಲಿ ಸ್ಲಾಟು

ಬೈತಖೋಲದ ಮೀನುಗಾರರ ಸೊಸೈಟಿಯಿಂದ ಫೋನು:
‘ಬಾಯೀ, ಕಂಪ್ಯೂಟರ್ ಕೂಗ್ತಾ ಉಂಟು,
ಮೂರು ಸಲ ಕೂಗಿ ಸುಮ್ಮನಾಗ್ತದೆ, ಮತ್ತೆ ಮೂರು ಸಲ.’
ದೋಣಿಗಳ ಗದ್ದಲದ ನಡುವೆ ನನಗೂ ಕೇಳಿಸಿತು ಆ ಸಣ್ಣ ಗೋಳು.
ನೆನಪು ಕೈಗೆ ಸಿಗದ ಯಂತ್ರ ಹಾಗೇ ಕೂಗುತ್ತದೆ.

ಮುಚ್ಚಳ ತೆಗೆದೆ. ಎರಡು ಮೀನಿನ ಪೊರೆ, ಒಂದು ಸತ್ತ ಜಿರಲೆ,
ಒಂಬತ್ತು ಮಳೆಗಾಲದ ಉಪ್ಪುಗಾಳಿ.
ತಗಡು ಮುಟ್ಟಿ ಮೈಯ ಕರೆಂಟು ಇಳಿಸಿಕೊಂಡು
ಆಚೀಚೆಯ ಕಿವಿ ಹಿಂಡಿದೆ, ಎದ್ದು ಬಂತು ಪಟ್ಟಿ:
ಎರಡು ಜಿಬಿ. ಚಿನ್ನದ ಹಲ್ಲೆಲ್ಲ
ತಂಬಾಕು ಜಗಿದವರ ಹಾಗೆ ಕಪ್ಪು.

‘ರಬ್ಬರ್ ಇದೆಯಾ?’
ಗುಮಾಸ್ತ ವಿಠೋಬ ಡ್ರಾಯರು ತಡಕಾಡಿ ಅರ್ಧ ಸವೆದದ್ದು ಕೊಟ್ಟ.
ಅಳಿಸುವ ವಸ್ತುವಿನಿಂದ ನೆನಪನ್ನು ತಿಕ್ಕಿ ಬೆಳಗುವುದು,
ಈ ಕಸುಬಿನಲ್ಲಿ ನನಗೆ ಇನ್ನೂ ನಗು ತರಿಸುವ ಸಂಗತಿ ಅದೊಂದೇ.

ಕೂಗು ನಿಂತಿತು. ಆದರೆ ತೆವಳಿಕೆ ನಿಲ್ಲಲಿಲ್ಲ.
‘ಮೆಮೊರಿ ಫುಲ್ ಅಂತ ಹಳೇ ಫೋಟೋ ಎಲ್ಲ ಡಿಲೀಟ್ ಮಾಡಿದ್ದೆ,
ತೀರಿಕೊಂಡ ಅಧ್ಯಕ್ಷರದ್ದೂ. ಆದರೂ ಹೀಗೇ.’
ಅಯ್ಯೋ ಮಾರಾಯ. ಅದು ಬೇರೆ, ಇದು ಬೇರೆ.

ಬಾಗಿಲಲ್ಲಿ ಲೆಕ್ಕಕ್ಕೆ ಕಾದು ಕೂತಿದ್ದಳು ಚಂದ್ರಭಾಗಿ ಹರಿಕಂತ್ರ.
ಹೊರಗಿದ್ದ ಅವಳ ಮೀನಿನ ಹಲಗೆಯನ್ನೇ ತೋರಿಸಿದೆ.
‘ಐಸಿನ ಪೆಟ್ಟಿಗೆ ಹಾರ್ಡ್ ಡಿಸ್ಕು. ಇಟ್ಟದ್ದು ಇರುತ್ತದೆ.
ಗಿರಾಕಿ ಮುಂದೆ ಹರಡುವ ಈ ಹಲಗೆ ರ‍್ಯಾಮು.
ಹಲಗೆ ಸಣ್ಣದಾದರೆ ನಾಲ್ಕು ಬಾಂಗಡೆಗೊಮ್ಮೆ ಪೆಟ್ಟಿಗೆಗೆ ಓಡಬೇಕು,
ಇದ್ದದ್ದು ಒಳಗಿಟ್ಟು ಇಲ್ಲದ್ದು ತರಬೇಕು.
ಪೆಟ್ಟಿಗೆ ಖಾಲಿ ಮಾಡಿದರೆ ಹಲಗೆ ಅಗಲ ಆಗ್ತದಾ?’
‘ಸಂಜೆಗೆ?’ ಕೇಳಿದಳು ಚಂದ್ರಭಾಗಿ.
‘ಸಂಜೆಗೆ ಹಲಗೆ ತೊಳೆದ ಹಾಗೆ.
ಕರೆಂಟು ಹೋದ ಗಳಿಗೆಯೇ ಅದಕ್ಕೆ ಸಂಜೆ.’

ಹೇಳಿದ್ದೇ ತಪ್ಪಾಯಿತೋ ಏನೋ.
ಬೆಳಗಿನ ಹರಾಜು ಒತ್ತುತ್ತ ಒಂಬತ್ತನೇ ದೋಣಿಗೆ ಬಂದಿದ್ದ ವಿಠೋಬ,
ಸೇವ್ ಮಾಡಿರಲಿಲ್ಲ.
ಫ್ಯಾನು ನಿಂತಿತು.
ಯುಪಿಎಸ್ ಬ್ಯಾಟರಿ ಚೌತಿಗೆ ಮುಂಚೆಯೇ ಸತ್ತಿತ್ತಂತೆ.
ಪರದೆಯ ಮೇಲೆ ಅವನ ಮುಖ ಮಾತ್ರ.
‘ಚೀಟಿಗಳು?’
‘ಒತ್ತಿದ ಹಾಗೇ ಹರಿದು ಹರಿದು ನೀರಿಗೆಸೆದೆ.’

ಎಲೆಯಡಿಕೆ ಒಂದು ಕೆನ್ನೆಗೆ ಸರಿಸಿ, ಕಣ್ಣು ಮುಚ್ಚಿ, ಚಂದ್ರಭಾಗಿ ಶುರುಮಾಡಿದಳು:
‘ಸಂತ ಅಂತೋನ, ಬಾಂಗಡೆ ಹದಿನೇಳು ಬುಟ್ಟಿ, ಎರಡು ಸಾವಿರದಿನ್ನೂರು, ಮಾಜಾಳಿಯ ಹುಸೇನಸಾಬ.
ಜಲದೇವತೆ, ಸೆಟ್ಲಿ ಮೂರು, ನೊಗಲಿ ಐದು. ದರ ಬಿತ್ತು, ನಾನೇ ತಕ್ಕೊಂಡೆ.
ಬರ್ಕೊ ಅಂತಂದ್ರೆ ಬರ್ಕೊ, ಬಾಯಿ ನೋಡ್ಬೇಡ.’
ಕ್ಯಾಲೆಂಡರಿನ ಬೆನ್ನ ಮೇಲೆ ಪೆನ್ಸಿಲು ಓಡಿತು.
ಏಳನೇ ದೋಣಿಗೆ ನಿಂತಳು.
ಬೆರಳುಗಳು ಗಾಳಿಯಲ್ಲಿ ಬುಟ್ಟಿ ಎಣಿಸಿದವು,
ಮೂರು ಸಲ ಲೊಚಗುಟ್ಟಿತು ನಾಲಿಗೆ, ಸುಮ್ಮನಾಯಿತು, ಮತ್ತೆ ಮೂರು ಸಲ.
ನಾವು ಯಾರೂ ಉಸಿರೆತ್ತಲಿಲ್ಲ.
ಆಮೇಲೆ: ‘ಪೇಡಿ. ಇಪ್ಪತ್ತೊಂದು.’
ಸರಿಯೋ ತಪ್ಪೋ,
ತಾಳೆ ನೋಡಲು ಏನೂ ಉಳಿದಿರಲಿಲ್ಲ. ವಿಠೋಬ ಬರೆದುಕೊಂಡ.

ಕರೆಂಟಿಲ್ಲದ ಹೊತ್ತೇ ನನ್ನ ಹೊತ್ತು.
ಹುಬ್ಬಳ್ಳಿಯಿಂದ ಅವನು ತರಿಸಿಟ್ಟದ್ದು ಕೂರಲಿಲ್ಲ,
ಕಚ್ಚು ಕೂದಲೆಳೆ ಆಚೆ. ಒತ್ತಬಾರದು, ಅದು ಬೇರೆ ತಲೆಮಾರು.
ನನ್ನ ಚೀಲದಲ್ಲಿ ನಾಲ್ಕರದ್ದೇ ಎರಡಿತ್ತು.
ಪಕ್ಕದ ಸ್ಲಾಟು ಒಂಬತ್ತು ವರ್ಷದಿಂದ ಖಾಲಿ,
ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.
ಧೂಳು ಊದಿದೆ. ಟಕ್. ಟಕ್.
‘ಇಷ್ಟು ದಿನ ಜಾಗ ಖಾಲಿ ಇತ್ತು ಅಂತ
ಅದಕ್ಕೆ ಗೊತ್ತಿತ್ತಾ ಬಾಯೀ?’
ನಾನು ನೆಲದಲ್ಲಿ ಸ್ಕ್ರೂ ಹುಡುಕುತ್ತಿದ್ದೆ.

ಸ್ಕೂಟರಿನಲ್ಲಿ ಕೋಡಿಬಾಗಕ್ಕೆ ವಾಪಸು, ಎಡಕ್ಕೆ ಸಮುದ್ರ.
ಜೇಬಿನಲ್ಲಿ ಆ ಹಳೇ ಎರಡು ಜಿಬಿ.
ಎಷ್ಟು ದರ, ಎಷ್ಟು ದೋಣಿ, ಎಷ್ಟು ಜನರ ಹೆಸರು
ಬಂದು ಕೂತು ಎದ್ದು ಹೋಗಿವೆ ಅದರ ಮೇಲೆ.
ಗಾಡಿ ನಿಲ್ಲಿಸಿ ತೆಗೆದು ಮೂಸಿದೆ.
ಮೀನಿನ ವಾಸನೆ ಇಲ್ಲ.
ರಬ್ಬರಿನದು, ಸ್ವಲ್ಪ.